ರಷ್ಯಾದ ದುಡ್ಡನ್ನ ಫ್ರೀಜ್ ಮಾಡಿರೋ ಯುರೋಪ್, ಅದನ್ನ ಪೂರ್ತಿ ಕಿತ್ಕೊಂಡು ಉಕ್ರೇನ್‌ಗೆ ಯಾಕೆ ಕೊಡ್ತಿಲ್ಲ?
ಯುರೋಪ್‌ನಲ್ಲಿ ದುಡ್ಡಿಟ್ಟಿರೋ ಮಿಕ್ಕ ಗಿರಾಕಿ ದೇಶಗಳು ಎದ್ದು ಹೋಗ್ತಾವೇನೋ ಅನ್ನೋ ಭಯ. ರಷ್ಯಾದ ಭಯಾನೂ ಇದೆ, ಆದ್ರೆ ಇದೇ ಜಾಸ್ತಿ ಅಂತ ನನ್ನ ಲೆಕ್ಕ.

2022ರ ಫೆಬ್ರವರಿಲಿ ಯುದ್ಧ ಶುರುವಾದ್ಮೇಲೆ ರಷ್ಯಾ ಸೆಂಟ್ರಲ್ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಹೊರದೇಶಗಳಲ್ಲಿ ಲಾಕ್ ಆಯ್ತು, ಅದ್ರಲ್ಲಿ ದೊಡ್ಡ ಪಾಲು ಇರೋದು ಬ್ರಸೆಲ್ಸ್‌ನ ಯೂರೋಕ್ಲಿಯರ್‌ನಲ್ಲಿ. ನಮ್ಮ ಡಿಮ್ಯಾಟ್ ಷೇರು ಇಟ್ಕೊಳ್ಳೋ ಎನ್‌ಎಸ್‌ಡಿಎಲ್ ಇದ್ಯಲ್ಲ, ಆ ಥರದ್ದೇ ಒಂದು ಸಂಸ್ಥೆ ಅದು.

ಈಗ ನೋಡಿ, ಬ್ಯಾಂಕಿನವ್ರು ಒಬ್ಬನ ಲಾಕರ್ ಒಡೆದು ಚಿನ್ನ ತೆಗೆದು ಬೇರೆಯವ್ರಿಗೆ ಕೊಟ್ರು ಅನ್ಕೊಳ್ಳಿ, ಅವನು ಎಂಥಾ ಕೇಡಿನೇ ಆಗಿರ್ಲಿ, ಪಕ್ಕದ ಲಾಕರ್‌ನವನಿಗೆ ನಾಳೆ ನನ್ ಕಥೆ ಏನಪ್ಪಾ ಅನ್ಸಲ್ವಾ? ಹಂಗೇ ಚೀನಾ, ಸೌದಿ ಥರದವ್ರು ಯೂರೋ ಬಾಂಡು, ಅಂದ್ರೆ ಯುರೋಪ್ ಸರ್ಕಾರಗಳ ಸಾಲಪತ್ರ, ಮಾರಿ ಬಂಗಾರ ತಗೊಳ್ಳೋಕೆ ಹೊರಟ್ರೆ ಯುರೋಪ್ ಸರ್ಕಾರಗಳಿಗೇ ಸಾಲದ ಬಡ್ಡಿ ಏರುತ್ತೆ. ಫ್ರೀಜ್ ಅಂದ್ರೆ ಬೀಗ, ನಾಳೆ ತೆಗೀಬಹುದು, ಜಪ್ತಿ ಆದ್ರೆ ಮುಗೀತು. ಒಂದು ದೇಶದ ಆಸ್ತಿಗೆ ಇನ್ನೊಂದು ದೇಶ ಕೈ ಹಾಕಬಾರದು ಅನ್ನೋ ಹಳೇ ಕಾನೂನು ಬೇರೆ ಅಡ್ಡ ಇದೆ.

ಅದಕ್ಕೇ 2024ರಲ್ಲಿ ಜಿ7 ದೇಶಗಳು (ಅಮೆರಿಕ, ಜಪಾನ್ ಥರದ ಏಳು ಶ್ರೀಮಂತ ದೇಶಗಳ ಗುಂಪು) ಅಸಲು ಮುಟ್ಟದೆ, ಅದ್ರಿಂದ ಬರೋ ಲಾಭದ ಮೇಲೆ ಉಕ್ರೇನ್‌ಗೆ 50 ಬಿಲಿಯನ್ ಡಾಲರ್ ಸಾಲ ಕೊಡೋಕೆ ಒಪ್ಕೊಂಡಿದ್ದು. 2025ರ ಡಿಸೆಂಬರ್‌ನಲ್ಲಿ ಅಸಲಿನ ಮೇಲೇ ಸಾಲ ಕೊಡೋ ಮಾತು ಬಂದಾಗ, ನಾಳೆ ಕೇಸ್ ಬಿದ್ರೆ ನಾವೊಬ್ರೇ ಯಾಕೆ ಕಟ್ಬೇಕು ಅಂತ ಯೂರೋಕ್ಲಿಯರ್ ಇರೋ ಬೆಲ್ಜಿಯಂ ಪಟ್ಟು ಹಿಡೀತು, ಕೊನೆಗೆ ಯುರೋಪಿಯನ್ ಯೂನಿಯನ್ ತಾನೇ ಮಾರ್ಕೆಟ್‌ನಲ್ಲಿ ಸಾಲ ಎತ್ತಿ 90 ಬಿಲಿಯನ್ ಯೂರೋ ಕೊಡೋದು ಅಂತ ಆಯ್ತು.