ಅಂದಕ್ಕೂ ಹಕ್ಕಿಗಳಿಗೂ ಆಗಲಿ ಅಂತ ಬರ್ಚ್ ಮರ ನೆಡುವಾಗ ಸ್ಥಳೀಯ ಜಾತಿಯನ್ನೇ ಯಾಕೆ ಆರಿಸಬೇಕು?
ಆ ನೆಲದ ಕೀಟಗಳಿಗೆ ಆ ನೆಲದ ಮರವೇ ಊಟ, ಆ ಕೀಟಗಳೇ ಹಕ್ಕಿಮರಿಗಳ ಊಟ. ಅದಕ್ಕೇ.

ಮರಗಳು ತಮ್ಮ ರಕ್ಷಣೆಗೆ ಎಲೆಯಲ್ಲಿ ರಾಸಾಯನಿಕಗಳನ್ನು ತುಂಬಿಕೊಂಡಿರುತ್ತವೆ. ಬಹುಪಾಲು ಕಂಬಳಿಹುಳುಗಳು ತಾವು ಬಹಳ ಕಾಲದಿಂದ ಒಗ್ಗಿಕೊಂಡ ಕೆಲವೇ ಮರಗಳ ಎಲೆಯನ್ನು ಮಾತ್ರ ಅರಗಿಸಿಕೊಳ್ಳಬಲ್ಲವು. ಬ್ರಿಟನ್ನಿನಲ್ಲಿ ಅಲ್ಲಿನ ಬರ್ಚ್ ಮರಗಳು 300ಕ್ಕೂ ಹೆಚ್ಚು ಬಗೆಯ ಕೀಟಗಳಿಗೆ ಆಸರೆ. ಕಾಳು ತಿನ್ನುವ ಎಷ್ಟೋ ಸಣ್ಣ ಹಕ್ಕಿಗಳು ಕೂಡ ಮರಿಗಳಿಗೆ ಹುಳುಗಳನ್ನೇ ತಿನ್ನಿಸುತ್ತವೆ, ಹಾಗಾಗಿ ಎಲೆಯಲ್ಲಿ ತೂತು ಕಂಡ ತಕ್ಷಣ ದಯವಿಟ್ಟು ಔಷಧಿ ಹೊಡೆಯಬೇಡಿ. ಚಳಿಗಾಲಕ್ಕೆ ಬರ್ಚ್‌ನ ಸಣ್ಣ ಬೀಜಗಳೂ ಹಕ್ಕಿಗಳಿಗೆ ಸಿಗುತ್ತವೆ.

ಮರದ ಆಯಸ್ಸಿನ ಪ್ರಶ್ನೆಯೂ ಇದೆ. ಉತ್ತರ ಅಮೆರಿಕದಲ್ಲಿ ಕಾಂಡ ಕೊರೆಯುವ ಒಂದು ದುಂಬಿಯಿದೆ, ಅದರ ಹೆಸರು ಬ್ರಾಂಜ್ ಬರ್ಚ್ ಬೋರರ್. ಅಲ್ಲಿನ ರಿವರ್ ಬರ್ಚ್ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಯುರೋಪಿನಿಂದ ತಂದು ನೆಟ್ಟ ಸಿಲ್ವರ್ ಬರ್ಚ್ ಸಾಮಾನ್ಯವಾಗಿ ಸತ್ತೇಹೋಗುತ್ತದೆ.

ಬರ್ಚ್ ತಂಪು ಹವೆಯ ಮರ. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ನೆಲ ಒಣಗಿದರೆ ಬೇಗ ಬಳಲುತ್ತದೆ, ಬಳಲಿದ ಮರಕ್ಕೇ ಕೊರಕ ಜಾಸ್ತಿ. ಬುಡಕ್ಕೆ ದರಗು ಹಾಸಿ, ತೇವ ಕಾಪಾಡಿ, ಆದರೆ ತಲೆಗೆ ಬಿಸಿಲು ಬೀಳಬೇಕು. ವಸಂತದಲ್ಲಿ ಕೊಂಬೆ ಕತ್ತರಿಸಬೇಡಿ, ರಸ ಸುರಿಯುತ್ತದೆ.

ಅಂದದ ವಿಷಯಕ್ಕೆ ಬಂದರೆ, ಬಿಳಿ ತೊಗಟೆಯ ಜಾತಿಯಾದರೆ ಮೂರ್ನಾಲ್ಕು ಗಿಡಗಳನ್ನು ಗುಂಪಾಗಿ, ಹಿಂದೆ ಕಡುಹಸಿರು ಮರಗಳಿರುವ ಕಡೆ ನೆಡಿ. ಎಲೆ ಉದುರಿದ ಮೇಲೂ ಕಾಂಡಗಳು ಎದ್ದು ಕಾಣುತ್ತವೆ.