ತಾರಾ ಯಾರ ಮನೆಯ ಹುಡುಗಿ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಡಬ್ಲಿನ್‌ನಲ್ಲಿರುವ ಮಗನಿಗೆ ಹೆಣ್ಣುಮಗುವಾಯಿತು. ತಾರಾ ಎಂದು ಹೆಸರಿಟ್ಟೆವು. ಪಕ್ಕದ ಮನೆಯ ಅಜ್ಜಿ 'ನಮ್ಮ ಐರಿಶ್ ಹೆಸರನ್ನೇ ಇಟ್ಟಿರಲ್ಲ' ಎಂದು ಹಿಗ್ಗಿದರಂತೆ. ಅವರ ರಾಜರ ಪವಿತ್ರ ಗುಡ್ಡದ ಹೆಸರೂ ತಾರಾ. ನಮ್ಮ ತಾರಾದೇವಿಯೇ ಅಲ್ಲಿಗೆ ಹೋಗಿ ನೆಲೆಸಿದ್ದಾಳೆ ಎನ್ನಲು ಇನ್ನೇನು ಸಾಕ್ಷಿ ಬೇಕು? ತಮ್ಮ ಪತ್ರಿಕೆ ಈ ಬಗ್ಗೆ ಏಕೆ ಬಾಯಿ ಬಿಡುವುದಿಲ್ಲ?"

ಮೇಷ್ಟ್ರೇ, ಮೊದಲು ಮೊಮ್ಮಗಳಿಗೆ ನಮ್ಮ ಕಚೇರಿಯವರೆಲ್ಲರ ಹಾರೈಕೆ. ಬಾಯಿ ಬಿಡಿ ಎಂದಿರಿ, ಬಿಡುತ್ತೇನೆ. ಆಮೇಲೆ ಮುನಿಸಿಕೊಳ್ಳಬಾರದು.

ನಿಮ್ಮ ಮಾತಿನಲ್ಲಿ ಚಟಾಕಿನಷ್ಟು ನಿಜವಿದೆ. ನಕ್ಷತ್ರವೆಂಬ ಅರ್ಥದ ನಮ್ಮ ತಾರೆ, ಪಾರಸಿಯ ಸಿತಾರಾ, ಗ್ರೀಕಿನ ಆಸ್ಟರ್, ಇಂಗ್ಲಿಷಿನ ಸ್ಟಾರ್ ಎಲ್ಲ ಒಂದೇ ಬೇರಿನ ಚಿಗುರುಗಳು. ಆದರೆ ಮೀತ್ ಕೌಂಟಿಯ ಆ ಗುಡ್ಡ ಈ ಬಳಗಕ್ಕೆ ಸೇರಿದ್ದಲ್ಲ. ಐರಿಶ್ ಭಾಷೆಯಲ್ಲಿ ಅದರ ಹೆಸರು ಹೆಚ್ಚುಕಡಿಮೆ 'ಟ್ಯೌರ್' ಎಂದು ಕೇಳಿಸುತ್ತದೆ. ಆ ಹೆಸರಿನ ವಿಭಕ್ತಿರೂಪವೊಂದು ಇಂಗ್ಲಿಷ್ ಬಾಯಿಗೆ ಸಿಕ್ಕಿ ಸವೆದು 'ತಾರಾ' ಆಯಿತು, ನಮ್ಮ ಧಾರವಾಡ ಅವರ ಕಾಗದಪತ್ರಗಳಲ್ಲಿ 'ಧಾರ್ವಾರ್' ಆದ ಹಾಗೆ. ಮೂಲ ಶಬ್ದಕ್ಕೆ ವಿದ್ವಾಂಸರು ಹೇಳುವ ಧಾತುವಿನ ಅರ್ಥ 'ಕತ್ತರಿಸು': ಊರಿನ ಉಳಿದ ನೆಲದಿಂದ ಬೇರ್ಪಡಿಸಿ ದೇವರಿಗೆ ಬಿಟ್ಟ ಜಾಗ. ಅಂದರೆ ಅಲ್ಲಿ ನಕ್ಷತ್ರವೂ ಇಲ್ಲ, ದೇವಿಯೂ ಇಲ್ಲ.

ಹಾಗೆಂದು ಪಕ್ಕದ ಮನೆಯ ಅಜ್ಜಿಯೂ ಬೀಗಬೇಕಾಗಿಲ್ಲ. ಅವರಲ್ಲಿ ಅದು ಗುಡ್ಡದ ಹೆಸರೇ ಹೊರತು ಹುಡುಗಿಯರದ್ದಾಗಿರಲಿಲ್ಲ. 1939ರ ಹಾಲಿವುಡ್ ಚಿತ್ರವೊಂದರಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಜಮೀನ್ದಾರನೊಬ್ಬ ತನ್ನ ಹತ್ತಿ ತೋಟಕ್ಕೆ ತಾರಾ ಎಂದು ಹೆಸರಿಟ್ಟಿರುತ್ತಾನೆ. ಹೆಣ್ಣುಮಕ್ಕಳಿಗೆ ಆ ಹೆಸರಿಡುವ ರೂಢಿ ಹಬ್ಬಿದ್ದು ಆಮೇಲೆ.

ಸದ್ದು ಕೂಡಿಬಂದ ಮಾತ್ರಕ್ಕೆ ಸಂಬಂಧ ಕಟ್ಟುವುದಾದರೆ ಬೀಗರ ಪಟ್ಟಿ ಮುಗಿಯುವುದಿಲ್ಲ. ನ್ಯೂಜಿಲೆಂಡಿನ ಮಾವೊರಿಗಳು ವೆಲಿಂಗ್ಟನ್ ಬಂದರನ್ನು 'ತಾರಾನ ದೊಡ್ಡ ಬಂದರು' ಎಂದು ಕರೆಯುತ್ತಾರೆ. ಆ ತಾರಾ ಗಂಡಸು, ಅವರ ಪೂರ್ವಜ. ಮಾಂಟೆನೆಗ್ರೊದಲ್ಲಿ ತಾರಾ ಎಂಬ ನದಿ ಸುಮಾರು 1,300 ಮೀಟರ್ ಆಳದ ಕಮರಿಯಲ್ಲಿ ಹರಿಯುತ್ತದೆ. ಅಷ್ಟು ದೂರ ಯಾಕೆ, ನಮ್ಮ ಬೀದಿಯ ಕಿರಾಣಿ ಅಂಗಡಿಯವನು ತುಪ್ಪದ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು 'ಟೇರ್' ಎಂಬ ಗುಂಡಿ ಒತ್ತುತ್ತಾನೆ. ಡಬ್ಬಿಯ ತೂಕ ಸೊನ್ನೆಯಾಗುತ್ತದೆ. ಇಟಲಿಯವರ ಬಾಯಲ್ಲಿ ಆ ಖಾಲಿ ಡಬ್ಬಿಯ ತೂಕಕ್ಕೆ ತಾರಾ ಎಂದೇ ಹೆಸರು. ಮೂಲ ಅರಬಿ, ಅರ್ಥ 'ತೆಗೆದುಹಾಕಿದ್ದು'. ಮೊಮ್ಮಗಳ ಹೆಸರಿಗೆ ಈ ಅರ್ಥವನ್ನೂ ಸೇರಿಸೋಣವೇ?

ನನ್ನ ಸಂಕಟ ಬೇರೆಯೇ ಇದೆ. ಐರ್ಲೆಂಡಿನ ಗುಡ್ಡ ನಮ್ಮದೆಂದು ವಾದಿಸುವ ನಾವು ಮನೆ ಬಾಗಿಲಲ್ಲಿರುವ ತಾರೆಯನ್ನು ಮಾತಾಡಿಸುವುದಿಲ್ಲ. ವಾಲಿಯ ಹೆಂಡತಿ, ಪಂಚಕನ್ಯೆಯರಲ್ಲೊಬ್ಬಳು, ಆನೆಗೊಂದಿಯ ಬಂಡೆಗಳ ನಡುವೆ ಬಾಳಿದಳೆಂದು ನಮ್ಮ ಜನ ನಂಬಿದ್ದಾರೆ. ಬೃಹಸ್ಪತಿಯ ಮನೆ ಬಿಟ್ಟು ಚಂದ್ರನ ಜೊತೆ ಹೋದವಳೂ ತಾರೆಯೇ. (ಉತ್ತರದವರ ತಾರಾಮತಿ ನಮ್ಮ ರಾಘವಾಂಕನಲ್ಲಿ ಚಂದ್ರಮತಿ. ಇದೊಂದೇ ಹೆಸರಿನ ಮೇಲೆ ನಾಲ್ಕು ಸಂಚಿಕೆ ಬರೆಯಬಹುದು, ಮಾಲೀಕರು ಬಿಡಲಿಕ್ಕಿಲ್ಲ.)

ನೀವು ಹೇಳುವ ತಾರಾದೇವಿಯಂತೂ ಗದಗ ಜಿಲ್ಲೆಯ ಡಂಬಳದಲ್ಲೇ ಇದ್ದಾಳೆ. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನ. ಅಲ್ಲಿ ಒಂದು ಬುದ್ಧವಿಹಾರ, ಜೊತೆಗೆ ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ಕಡಲು, ಪಿಶಾಚಿ ಎಂಬ ಎಂಟೂ ಭಯ ಕಳೆಯುವವಳೇ ಎಂದು ಅವಳಿಗೆ ನಮಸ್ಕಾರ ಹೇಳುತ್ತದೆ ಆ ಕಲ್ಲು. ಪಟ್ಟಿಯನ್ನು ನೋಡಿ: ಗಾಡಿ ಕಟ್ಟಿಕೊಂಡು, ಹಡಗು ಹತ್ತಿ ವ್ಯಾಪಾರಕ್ಕೆ ಹೊರಟವನ ಎದೆಬಡಿತ ಅದರಲ್ಲಿ ಕೇಳಿಸುತ್ತದೆ. ಇವಳ ಹೆಸರು ಬಂದಿದ್ದು ನಕ್ಷತ್ರದಿಂದಷ್ಟೇ ಅಲ್ಲ, 'ದಾಟಿಸುವವಳು' ಎಂಬ ಅರ್ಥವೂ ಅದರೊಳಗಿದೆ. ಸೆಟ್ಟಿಗೆ ಬೇಕಾಗಿದ್ದವಳು ಈ ದಾಟಿಸುವವಳು.

ನಾನು ಡಂಬಳಕ್ಕೆ ಹೋದಾಗ ಚಹಾದಂಗಡಿಯಲ್ಲಿ ತಾರಾದೇವಿಯ ಬಗ್ಗೆ ವಿಚಾರಿಸಿದೆ. "ಯಾರ ಮನೀಯಾಕೀರಿ?" ಎಂದ ಹುಡುಗ. ಅವನದೇನೂ ತಪ್ಪಿಲ್ಲ, ಪಾಠದಲ್ಲಿ ಇಲ್ಲದ್ದು ಅವನಿಗೆ ಹೇಗೆ ಗೊತ್ತಾಗಬೇಕು? ನಗರದ ಓದಿದ ಅಪ್ಪ ಅಮ್ಮಂದಿರ ಪಾಡು ಇದಕ್ಕಿಂತ ಕಡೆ. ಮೊಬೈಲಿನಲ್ಲಿ ಹೆಸರು ಹುಡುಕುತ್ತಾರೆ, 'ಅರ್ಥ: ನಕ್ಷತ್ರ, ಮೂಲ: ಸಂಸ್ಕೃತ/ಐರಿಶ್' ಎಂದು ಬಂದದ್ದನ್ನು ನಾಮಕರಣದ ಕಾರ್ಡಿಗೆ ಇಳಿಸುತ್ತಾರೆ. ಆ ಓರೆಗೆರೆಯಿಂದಲೇ ನಿಮಗೂ ಈ ವಿಚಾರ ಹೊಳೆದಿರಬಹುದೆಂದು ನನ್ನ ಗುಮಾನಿ.

ಮಗು ಊರಿಗೆ ಬಂದಾಗ ಡಂಬಳಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಹೊರಗೋಡೆಯ ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಲು ಹೇಳಿ. ನಾನು ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು.