ಓದುಗರ ಪ್ರಶ್ನೆ, ನಮ್ಮ ಉತ್ತರ: ಟೆನಿಸ್ ಕಲಿಸುವವರಿಗೂ ಜೊತೆಗಾರರು ಬೇಕು

ಪ್ರಶ್ನೆ: ನಾನು ಪೊನ್ನಂಪೇಟೆ ಸಮೀಪದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಸಂಜೆ ಹೊತ್ತು ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತೇನೆ. ಕಾಲೇಜು ದಿನಗಳಲ್ಲಿ ಆಡಿದ್ದು ಬಿಟ್ಟರೆ ತರಬೇತುದಾರನಾಗಿ ನಾನು ಏನನ್ನೂ ಕಲಿತಿಲ್ಲ. ಬೇರೆ ಊರಿನ ತರಬೇತುದಾರರನ್ನು ಕೇಳಲು ಸಂಕೋಚ. ಚೆನ್ನಾಗಿ ಆಡುವ ಮಗು ಅವರ ಕಡೆ ಹೋಗಿಬಿಡಬಹುದೆಂಬ ಅಳುಕೂ ಇದೆ. ನಾನು ಹೇಗೆ ಮುಂದುವರಿಯಲಿ?

ಉತ್ತರ: ಅಖಿಲ ಭಾರತ ಟೆನಿಸ್ ಸಂಸ್ಥೆಯು ತರಬೇತುದಾರರಿಗಾಗಿ ಹಂತ ಹಂತದ ಶಿಕ್ಷಣ ಶಿಬಿರಗಳನ್ನು ನಡೆಸುತ್ತದೆ, ಹೊಸ ಆಟಗಾರರಿಗೆ ಕಲಿಸುವವರ ಆರಂಭಿಕ ಹಂತಕ್ಕೆ ನೀವು ಹೋಗಿಬನ್ನಿ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು ತರಬೇತಿಗೆಂದೇ 1993ರಿಂದ ಹೊರತರುತ್ತಿರುವ ನಿಯತಕಾಲಿಕೆಯೂ ಉಚಿತವಾಗಿ ಓದಲು ಸಿಗುತ್ತದೆ. ಆದರೆ ನಿಮಗೆ ಇವೆರಡಕ್ಕಿಂತಲೂ ತುರ್ತಾಗಿ ಬೇಕಾಗಿರುವುದು, ನೀವು ಪಾಠ ಮಾಡುವಾಗ ಬದಿಯಲ್ಲಿ ನಿಂತು ನೋಡುವ ಇನ್ನೊಬ್ಬ ತರಬೇತುದಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರ್ವ್ ಕಲಿಸುವ ಸಂದರ್ಭವನ್ನೇ ನೋಡಿ. ನೀವು ಬಲೆಯ ಆಚೆ ನಿಂತಿರುತ್ತೀರಿ, ಮಗು ಎದುರಿನಿಂದ ಮಾತ್ರ ಕಾಣುತ್ತದೆ. ಹೊಸದಾಗಿ ಕಲಿಯುವ ಮಕ್ಕಳು ರ‍್ಯಾಕೆಟ್ಟಿನ ಮುಖವನ್ನು ಮೊದಲೇ ಚೆಂಡಿನತ್ತ ತಿರುಗಿಸಿ ಹಿಡಿದು ತಳ್ಳಿಬಿಡುವುದುಂಟು. ಚೆಂಡು ಬಲೆ ದಾಟಿ ಸರಿಯಾದ ಚೌಕದಲ್ಲಿಯೇ ಬೀಳುವುದರಿಂದ ಎಲ್ಲವೂ ಸರಿಯಾಗಿದೆ ಎಂದು ನಿಮಗೆ ಅನ್ನಿಸುತ್ತದೆ. ಪಕ್ಕದಲ್ಲಿ ನಿಂತವರಿಗಾದರೋ ಮುಂಗೈ ತಿರುಗುತ್ತಲೇ ಇಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ. ಮಗು ಬೆಳೆದು, ವೇಗವಾಗಿ ಸರ್ವ್ ಮಾಡಬೇಕಾದ ವಯಸ್ಸಿಗೆ ಬಂದ ಮೇಲೆ ಈ ಹಿಡಿತವನ್ನು ಬಿಡಿಸುವುದು ಬಹಳ ಕಷ್ಟ.

ನಮ್ಮ ಜಿಲ್ಲೆಯ ಮಕ್ಕಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಲ್ಲಿ ಬಹುಪಾಲು ಮಕ್ಕಳು ಟೆನಿಸ್ಸಿಗೆ ಮೊದಲೇ ಹಾಕಿ ಸ್ಟಿಕ್ ಹಿಡಿದಿರುತ್ತಾರೆ. ಹಾಕಿಯಲ್ಲಿ ಎಡಗೈ ಸ್ಟಿಕ್ಕಿನ ಮೇಲಿನ ತುದಿಯಲ್ಲಿರುತ್ತದೆ, ಬಲಗೈ ಅದರ ಕೆಳಗಿರುತ್ತದೆ. ಬಲಗೈ ಆಟಗಾರರ ಎರಡು ಕೈಗಳ ಬ್ಯಾಕ್‌ಹ್ಯಾಂಡಿನಲ್ಲಿ (ಅಂದರೆ ಎಡಬದಿಗೆ ಬಂದ ಚೆಂಡನ್ನು ಎರಡೂ ಕೈಯಿಂದ ಹೊಡೆಯುವಾಗ) ಹಿಡಿಯ ತುದಿಯಲ್ಲಿರಬೇಕಾದದ್ದು ಬಲಗೈ, ಅದರ ಮುಂದೆ ಎಡಗೈ. ಕೈಗಳು ಅದಲುಬದಲಾಗಿವೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಬೇಕು. ಇಂಥ ಸೂಕ್ಷ್ಮಗಳು ಹೊರಗಿನ ಪಠ್ಯಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಕೊಡಗಿನಲ್ಲಿ ಕಲಿಸುವವರೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಆದ್ದರಿಂದ ವಿರಾಜಪೇಟೆ, ಗೋಣಿಕೊಪ್ಪಲು, ಮಡಿಕೇರಿ, ಕುಶಾಲನಗರಗಳಲ್ಲಿ ಶಾಲೆ, ಕ್ಲಬ್ಬುಗಳಲ್ಲಿ ಕಲಿಸುವವರನ್ನು ನೀವೇ ಮುಂದಾಗಿ ಕರೆಯಿರಿ. ತಿಂಗಳಿಗೊಮ್ಮೆ ಒಬ್ಬರ ಅಂಕಣದಲ್ಲಿ ಸೇರಿ, ಅರ್ಧ ಗಂಟೆ ಅವರು ಕಲಿಸುವುದನ್ನು ಉಳಿದವರು ನೋಡಲಿ. ಕಂಡದ್ದನ್ನು ಮಕ್ಕಳು ಹೋದ ನಂತರ ಮಾತ್ರ ಹೇಳಬೇಕು. ಶಿಷ್ಯರ ಎದುರು ಗುರುವನ್ನು ತಿದ್ದಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಮಗು ಬೇರೆಯವರ ಬಳಿಗೆ ಹೋಗುವ ಅಳುಕು ಸಹಜವಾದದ್ದೇ. ಆದರೆ ನಿಮ್ಮಲ್ಲಿ ಕಲಿಯುವುದು ಮುಗಿದ ಮಗುವನ್ನು ಹಿಡಿದಿಟ್ಟುಕೊಳ್ಳುವುದು ಅನ್ಯಾಯ. ಕಳುಹಿಸುವಾಗ ಅದರ ಹಿಡಿತ, ಆಗಿರುವ ನೋವು, ಸೋತಾಗ ಅದು ನಡೆದುಕೊಳ್ಳುವ ರೀತಿ, ಇವಿಷ್ಟನ್ನು ಬರೆದು ಮುಂದಿನ ತರಬೇತುದಾರರಿಗೆ ಕೊಡಿ. ಹಾಗೆ ಕೊಟ್ಟವರ ಹತ್ತಿರಕ್ಕೆ ಅವರೂ ಹೊಸ ಮಕ್ಕಳನ್ನು ಧೈರ್ಯವಾಗಿ ಕಳುಹಿಸುತ್ತಾರೆ. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಅಗ್ರಸ್ಥಾನಕ್ಕೇರಿದಾಗಲೂ ಸ್ಕಾಟ್ ಡೇವಿಡಾಫ್ ಅವರ ತರಬೇತುದಾರರಾಗಿದ್ದರು. ಆ ಎತ್ತರದ ಆಟಗಾರರಿಗೂ ನೋಡಿ ಹೇಳುವವರು ಬೇಕಾಗಿರುವಾಗ ನೀವೇಕೆ ಸಂಕೋಚಪಡಬೇಕು?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ವರ್ಷವಾದರೂ ತರಬೇತುದಾರರು ಮೆತ್ತಗಿನ ಕೆಂಪು ಚೆಂಡಿನಲ್ಲಿಯೇ ಆಡಿಸುತ್ತಿದ್ದಾರೆ. ಮಳೆಗಾಲದಲ್ಲಂತೂ ಸಭಾಂಗಣದೊಳಗೇ ಪಾಠ. ಸುಮ್ಮನೆ ಕಾಲ ಕಳೆಯುತ್ತಿದ್ದಾರೆಯೇ? (ಸೋಮವಾರಪೇಟೆಯ ಒಬ್ಬ ತಾಯಿ)

ಉತ್ತರ: ಇಲ್ಲಮ್ಮ, ಅವರು ಸರಿಯಾದ ದಾರಿಯಲ್ಲಿಯೇ ಇದ್ದಾರೆ. ಪೂರ್ಣ ಅಂಕಣದ ಉದ್ದ 23.77 ಮೀಟರ್, ಅಲ್ಲಿ ದೊಡ್ಡವರು ಆಡುವ ಹಳದಿ ಚೆಂಡು ಪುಟಿದೆದ್ದರೆ ಎಂಟು ವರ್ಷದ ಮಗುವಿನ ಭುಜಕ್ಕಿಂತ ಮೇಲೆ ಹೋಗುತ್ತದೆ, ಮಗು ಹಿಂದೆ ಹಿಂದೆ ಸರಿಯುತ್ತಾ ತಪ್ಪಾದ ಹೊಡೆತವನ್ನು ರೂಢಿಸಿಕೊಳ್ಳುತ್ತದೆ. ಕೆಂಪು ಚೆಂಡಿನ ವೇಗ ಸುಮಾರು ಶೇ 75ರಷ್ಟು ಕಡಿಮೆ, ಅದರ ಅಂಕಣ ಸುಮಾರು 11 ಮೀಟರ್. ನಂತರ ಶೇ 50ರಷ್ಟು ನಿಧಾನವಾದ ಕಿತ್ತಳೆ ಚೆಂಡು 18 ಮೀಟರಿನ ಅಂಕಣದಲ್ಲಿ, ಆಮೇಲೆ ಶೇ 25ರಷ್ಟು ನಿಧಾನವಾದ ಹಸಿರು ಚೆಂಡು ಪೂರ್ಣ ಅಂಕಣದಲ್ಲಿ. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಹಳದಿ ಚೆಂಡನ್ನು ಬಳಸಬಾರದೆಂಬ ನಿಯಮವು 2012ರಿಂದಲೇ ಜಾರಿಯಲ್ಲಿದೆ.

ಕೆಂಪು ಚೆಂಡಿನ ಅಂಕಣವು 13.4 ಮೀಟರ್ ಉದ್ದದ ಬ್ಯಾಡ್ಮಿಂಟನ್ ಅಂಕಣದೊಳಗೆ ಹಿಡಿಸುವುದರಿಂದ, ಜೂನ್ ತಿಂಗಳಿನಿಂದ ಹೊರಗೆ ಕಾಲಿಡಲಾಗದ ನಮ್ಮ ಊರುಗಳಲ್ಲಿ ಸಭಾಂಗಣದ ಪಾಠ ವರವೇ ಸರಿ. ಆದರೂ ಕಿತ್ತಳೆ ಚೆಂಡು ಯಾವಾಗ ಎಂದು ನೀವು ಕೇಳಬಹುದು. ಮಗಳು ತನ್ನ ವಯಸ್ಸಿನವರೊಡನೆ ಚೆಂಡನ್ನು ಬಿಡದೆ ಅತ್ತಿತ್ತ ಹೊಡೆಯಬಲ್ಲಳಾದರೆ ಆ ಸಮಯ ಹತ್ತಿರ ಬಂದಿದೆ.

ಪ್ರಶ್ನೆ: ಪಂದ್ಯದ ನಡುವೆ ತರಬೇತುದಾರರು ಹೊರಗಿನಿಂದ ಸಲಹೆ ಕೊಡಬಹುದೇ? (ಕುಶಾಲನಗರದ ಓದುಗರು)

ಉತ್ತರ: 2025ರ ಜನವರಿ 1ರಿಂದ ಟೆನಿಸ್ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ, ಆದರೆ ಆಯೋಜಕರು ಒಪ್ಪಿರಬೇಕು. ಆಯಾ ಪಂದ್ಯಾವಳಿಯ ರೆಫರಿಯನ್ನು ಮೊದಲೇ ಕೇಳಿಕೊಳ್ಳಿ. ಅನುಮತಿಯಿದ್ದರೂ ಚಿಕ್ಕ ಮಕ್ಕಳಿಗೆ ಪ್ರತಿ ಪಾಯಿಂಟಿಗೂ ಕೂಗಿ ಹೇಳಬಾರದು. ನೀವು ಕಂಡದ್ದನ್ನು ಬರೆದಿಟ್ಟುಕೊಂಡು, ಪಂದ್ಯದ ಬಗ್ಗೆ ಮಗುವಿನ ಮಾತನ್ನು ಮೊದಲು ಕೇಳಿದ ಮೇಲೆಯೇ ತಿಳಿಸಿ.